ಕಾಶಿನಾಥ್ ಸಿನಿಮಾನ ಮನೆಮಂದಿಯೆಲ್ಲ ಕೂತು ನೋಡಬಹುದಾ? ಅಪ್ಪನಿಗೂ ನನಗೂ ಜಗಳ

ಮೂರನೇ_ಸಾಲು:
ಭಾನುವಾರ ಊಟ ಆದ ಮೇಲೆ ಟಿವಿಯಲ್ಲಿ ‘ಅವಳೇ ನನ್ನ ಹೆಂಡ್ತಿ’ ಬರುತ್ತಿತ್ತು. ನಾನು, ಹೆಂಡತಿ, ಹತ್ತನೇ ಕ್ಲಾಸಿನ ಮಗಳು ಮೂವರೂ ನೋಡುತ್ತಾ ಕೂತಿದ್ದೆವು. ಅಷ್ಟರಲ್ಲಿ ನಮ್ಮಪ್ಪ ನಿದ್ದೆ ಮುಗಿಸಿ ಎದ್ದು ಬಂದರು. ತೆರೆ ಮೇಲೆ ಹೀರೊ ಕಾಶಿನಾಥ್ ಅವರ ಆ ಕನ್ನಡಕ ಕಂಡಿತು ನೋಡಿ, ಮಾತಿಲ್ಲ ಕತೆಯಿಲ್ಲ, ರಿಮೋಟ್ ತೆಗೆದುಕೊಂಡು ಚಾನೆಲ್ ಬದಲಾಯಿಸಿದರು. ‘ಮನೇಲಿ ಹೆಣ್ಣುಮಗು ಇದೆ, ಕಾಶಿನಾಥ್ ಸಿನಿಮಾ ಹಾಕ್ಕೊಂಡು ಕೂತಿದ್ದೀಯಲ್ಲೋ’ ಅಂತ ಬೈಗುಳ ಬೇರೆ.

ನಾನು ಚಿಕ್ಕವನಿದ್ದಾಗಲೂ ಇದೇ ಆಗಿತ್ತು. ಆಗ ರಿಮೋಟ್ ಇರಲಿಲ್ಲ. ಅಪ್ಪ ಎದ್ದು ಹೋಗಿ ಟಿವಿ ಗುಂಡಿ ತಿರುಗಿಸಿದ್ದರು. ಅಷ್ಟೇ ವ್ಯತ್ಯಾಸ.

ಆದರೆ ಆ ಸಿನಿಮಾ ಇರುವುದು ವರದಕ್ಷಿಣೆ ಬಗ್ಗೆ. ಹೆಣ್ಣುಮಗಳಿಗೆ ತೋರಿಸಲೇಬೇಕಾದ ಸಿನಿಮಾ ಅಲ್ವಾ? ಕಾಶಿನಾಥ್ ಇಷ್ಟು ಚೆನ್ನಾಗಿ ನಿರ್ದೇಶನ ಮಾಡಿದ್ದರೂ ‘ಡಬಲ್ ಮೀನಿಂಗ್ ಡೈರೆಕ್ಟರ್’ ಅನ್ನುವ ಹಣೆಪಟ್ಟಿ ಯಾಕೆ ಅಂಟಿಕೊಂಡಿತು? ಮಗಳಿಗೆ ಅವರ ಸಿನಿಮಾ ತೋರಿಸಬೇಕು ಅಂದರೆ ಯಾವುದರಿಂದ ಶುರು ಮಾಡಲಿ?

ಚಿಕ್ಕಪೇಟೆ_ಗುಂಡ:
ನಿಮ್ಮಪ್ಪ ‘ಅನುಭವ’ ನೋಡಿದ್ದಾರೆ. ಅದಕ್ಕೇ ಅಷ್ಟು ಗಾಬರಿ. ಯಾವ ಟಾಕೀಸು, ಎಷ್ಟು ಸಲ ಅಂತ ಕೇಳಿ ನೋಡಿ.

ಕೋಟೇಶ್ವರದವ:
ಮೊದಲು ಒಂದು ತಿದ್ದುಪಡಿ ಮಾರಾಯ್ರೆ. ‘ಅವಳೇ ನನ್ನ ಹೆಂಡ್ತಿ’ (1988) ಕಾಶಿನಾಥ್ ನಿರ್ದೇಶನದ್ದಲ್ಲ. ಅವರು ಅದರಲ್ಲಿ ಹೀರೊ ಅಷ್ಟೇ, ನಾಯಕಿ ಭವ್ಯ. ನಿರ್ದೇಶನ ಉಮೇಶ್-ಪ್ರಭಾಕರ್ ಜೋಡಿಯದ್ದು. ಇದು ತುಂಬ ಜನ ಮಾಡುವ ತಪ್ಪು. ಅವರು ಹೀರೊ ಆಗಿದ್ದ ಸಿನಿಮಾಗಳೆಲ್ಲ ಅವರದ್ದೇ ನಿರ್ದೇಶನ ಅಂದುಕೊಂಡುಬಿಟ್ಟಿದ್ದೇವೆ.

ನಿರ್ದೇಶನ ಅಂತ ಬಂದರೆ ಲೆಕ್ಕ ಬೇರೆ. ‘ಅಪರೂಪದ ಅತಿಥಿಗಳು’ 1976, ‘ಅಪರಿಚಿತ’ 1978, ‘ಅನುಭವ’ 1984, ‘ಅನಂತನ ಅವಾಂತರ’ 1989, ‘ಅಜಗಜಾಂತರ’ 1991. ನಡುವೆ ಇನ್ನೂ ಇವೆ. ನಮ್ಮ ಕುಂದಾಪುರದ ಕೋಟೇಶ್ವರದ ಕಡೆಯವರು, ಹಾಗಾಗಿ ನನಗೆ ಸ್ವಲ್ಪ ಜಾಸ್ತಿ ಅಭಿಮಾನ ಅಂತಲೇ ಇಟ್ಟುಕೊಳ್ಳಿ.

ಮೂರನೇ_ಸಾಲು:
ಅಯ್ಯೋ, ಹೌದಾ! ಇಷ್ಟು ವರ್ಷ ಅವರದ್ದೇ ಅಂದುಕೊಂಡಿದ್ದೆ. ಆದರೆ ಅದರ ಛಾಯೆ ಎಲ್ಲ ಅವರದ್ದೇ ತರ ಇದೆಯಲ್ಲ.

ರಾತ್ರಿಪಾಳಿ:
ಎಲ್ಲ ಅ ಅ ಅ. ಅಕ್ಷರಮಾಲೆ ದಾಟಲೇ ಇಲ್ಲ ಮನುಷ್ಯ.

ಕೋಟೇಶ್ವರದವ:
ದಾಟಿದ್ದಾರೆ. ‘ಲವ್ ಮಾಡಿ ನೋಡು’ ಇದೆ. ಆದರೆ 2007ರಲ್ಲಿ ಮತ್ತೆ ನಿರ್ದೇಶನಕ್ಕೆ ಬಂದಾಗ ‘ಅಪ್ಪಚ್ಚಿ’. ಮತ್ತೆ ಅ.

ಚಿಕ್ಕಪೇಟೆ_ಗುಂಡ:
ಶಿಷ್ಯ ಉಪೇಂದ್ರ ಅದೇ ಇಂಗ್ಲಿಷ್ ಅಕ್ಷರ ‘ಎ’ನ ಸಿನಿಮಾ ಹೆಸರಾಗಿ ಇಟ್ಟುಕೊಂಡು 1998ರಲ್ಲಿ ಗೆದ್ದ. ಗುರುವಿನ ಅಕ್ಷರ ಶಿಷ್ಯನಿಗೆ ಫಲ ಕೊಟ್ಟಿತು.

ಹುಬ್ಬಳ್ಳಿ_ಗಿರ್ಮಿಟ್:
ನಮ್ಮ ಕಡೆ ‘ಅನುಭವ’ ಬಂದಾಗ ನನಗೆ ಹನ್ನೆರಡು ವರ್ಷ. ಗೇಟಿನಲ್ಲಿದ್ದವನು ನನ್ನ ಗದ್ದ ಹಿಡಿದು ಬೆಳಕಿಗೆ ತಿರುಗಿಸಿ ನೋಡಿದ. ‘ಮೀಸಿ ಬಂದ ಮ್ಯಾಲೆ ಬಾರಲೇ’ ಅಂದ. ಮರುದಿನ ಅಣ್ಣನ ಪ್ಯಾಂಟು ಹಾಕಿಕೊಂಡು, ಕಾಡಿಗೆಯಲ್ಲಿ ಮೀಸೆ ಎಳೆದುಕೊಂಡು ಹೋದೆ. ಗಾಂಧಿ ಕ್ಲಾಸಿನ ಸಾಲಿನಲ್ಲಿ ಬಿಸಿಲಿಗೆ ನಿಂತು ಬೆವರಿ ಮೀಸೆ ಎಲ್ಲ ಗಲ್ಲಕ್ಕೆ ಇಳಿದಿತ್ತು. ಅವನು ಅದನ್ನು ನೋಡಿ ನಕ್ಕು ಸುಸ್ತಾಗಿ ಒಳಗೆ ಬಿಟ್ಟ.

ಒಳಗೆ ಹೋಗಿ ನೋಡಿದರೆ ನಾನು ಅಂದುಕೊಂಡದ್ದು ಏನೂ ಇರಲಿಲ್ಲ. ಬರೀ ಮಾತು. ಅರ್ಧ ಅರ್ಥವಾಗಲಿಲ್ಲ. ಸುತ್ತ ಇದ್ದವರು ನಕ್ಕಾಗ ನಾನೂ ನಕ್ಕೆ.

ರಾತ್ರಿಪಾಳಿ:
ಕಾಡಿಗೆ ಮೀಸೆಯೇ ಒಂದು ಕಾಶಿನಾಥ್ ಸೀನ್ ಆಯ್ತಲ್ಲ ಸರ್ 😂

ಸೀನ್_ಪೇಪರ್:
ನಾನು ಧಾರಾವಾಹಿಗಳಿಗೆ, ಕಾಮಿಡಿ ಶೋಗಳಿಗೆ ಬರೆಯುವವನು. ಇದರ ಬಗ್ಗೆ ಸ್ವಲ್ಪ ಉದ್ದ ಬರೆಯುತ್ತೇನೆ, ಬೇಜಾರಾದರೆ ದಾಟಿಕೊಂಡು ಹೋಗಿ.

ಡಬಲ್ ಮೀನಿಂಗ್ ಅಂತ ನಾವು ಒಂದೇ ಪದದಲ್ಲಿ ಮುಗಿಸಿಬಿಡುತ್ತೇವೆ. ಅದರಲ್ಲಿ ಎರಡು ಜಾತಿ ಇದೆ. ಒಂದು, ಮಾತಾಡುವವನಿಗೇ ಎರಡನೇ ಅರ್ಥ ಗೊತ್ತಿರುತ್ತದೆ, ಬೇಕೆಂದೇ ಹೇಳಿ ಕಣ್ಣು ಹೊಡೆಯುತ್ತಾನೆ. ಇನ್ನೊಂದು, ಮಾತಾಡುವವನಿಗೆ ಏನೂ ಗೊತ್ತಿಲ್ಲ. ಕೇಳಿಸಿಕೊಂಡವರ ತಲೆಯಲ್ಲಿ ಎರಡನೇ ಅರ್ಥ ಹುಟ್ಟುತ್ತದೆ. ಉದಾಹರಣೆಗೆ, ಇದು ನಾನೇ ಈಗ ಕಟ್ಟಿದ್ದು: ಹೊಸದಾಗಿ ಮದುವೆಯಾದ ಹುಡುಗ ಮಾವ ಕೊಡಿಸಿದ ಸ್ಕೂಟರ್ ಬಗ್ಗೆ ಮೆಕ್ಯಾನಿಕ್ ಹತ್ತಿರ ಮಾತಾಡುತ್ತಿದ್ದಾನೆ. ‘ಹೊಸದು, ಬೆಳಗ್ಗೆ ಎಷ್ಟು ಒದ್ದರೂ ಎದ್ದೇಳಲ್ಲ. ಮಾವನಿಗೇ ವಾಪಸ್ ಕೊಟ್ಟುಬಿಡೋಣ ಅಂತಿದ್ದೀನಿ’ ಅನ್ನುತ್ತಾನೆ. ಗೋಡೆ ಆಚೆ ಅತ್ತೆ ಕೇಳಿಸಿಕೊಳ್ಳುತ್ತಾಳೆ. ಕೈಯಲ್ಲಿ ಕಾಫಿ ಲೋಟ. ಈಗ ಕ್ಯಾಮೆರಾ ಹುಡುಗನ ಮುಖಕ್ಕೆ ಇಟ್ಟರೆ ಜೋಕ್ ಸತ್ತುಹೋಗುತ್ತದೆ. ಅತ್ತೆ ಮುಖಕ್ಕೆ ಇಡಬೇಕು. ನಾವು ನಗುವುದು ಅವಳ ಗಾಬರಿಗೆ.

ಕಾಶಿನಾಥ್ ತಮಗೆ ಬರೆದುಕೊಂಡ ಪಾತ್ರ ಹೆಚ್ಚಾಗಿ ಈ ಎರಡನೇ ಜಾತಿಯದ್ದು. ಪೆದ್ದ. ದಪ್ಪ ಕನ್ನಡಕ, ಸಣಕಲು ಮೈ. ಅವನಿಗೆ ಪ್ರಪಂಚ ಗೊತ್ತಿಲ್ಲ, ಸುತ್ತ ಇರುವವರಿಗೆ ಬೇಕಾದ್ದಕ್ಕಿಂತ ಜಾಸ್ತಿ ಗೊತ್ತು. ಅವರ ಹಿಂದೆ ಬಂದವರು ಮಾತನ್ನು ಮಾತ್ರ ಎತ್ತಿಕೊಂಡರು, ಆ ಪೆದ್ದನನ್ನು ಬಿಟ್ಟರು. ಹೀರೊನೇ ಕಣ್ಣು ಹೊಡೆಯಲು ಶುರು ಮಾಡಿದ. ಹಣೆಪಟ್ಟಿ ಮಾತ್ರ ಮೂಲ ಪುರುಷನಿಗೆ ಬಿತ್ತು.

ಚಿಕ್ಕಪೇಟೆ_ಗುಂಡ:
‘ಒದ್ದರೂ ಎದ್ದೇಳಲ್ಲ’ 😂😂 ಇದನ್ನ ಯಾವ ಎಪಿಸೋಡಿಗೆ ಹಾಕ್ತೀರಿ ಸರ್? ಅಪ್ಪನಿಗೆ ರಿಮೋಟ್ ಕೊಟ್ಟು ಕೂರಿಸ್ತೀನಿ.

ಸುಮಾ_ತುಮಕೂರು:
ಎಲ್ಲ ಗಂಡಸರೇ ಮಾತಾಡ್ತಿದ್ದೀರಿ, ನಾನೂ ಒಂದು ಹೇಳ್ತೀನಿ.

1989, 90ರ ಮಾತು. ಸಂಜೆ ಐದೂವರೆ ಬಸ್ಸು. ತುಮಕೂರಲ್ಲಿ ಕಾಲೇಜು ಮುಗಿಸಿ ನಾವು ಏಳೆಂಟು ಹುಡುಗಿಯರು ಹಳ್ಳಿಗೆ ವಾಪಸ್ ಹೋಗಬೇಕು. ಹಿಂದಿನ ಸೀಟಿನ ಹುಡುಗರು ಸಿನಿಮಾ ಡೈಲಾಗ್ ಹೊಡೆಯೋರು. ಬೇರೆ ಯಾರಿಗೂ ಅಲ್ಲ, ನಮಗೇ. ನಾವು ತಿರುಗಿ ಬೈದರೆ ‘ನಾನೇನು ಹೇಳಿದೆ? ನಿನ್ನ ತಲೆಯಲ್ಲೇ ಕೆಟ್ಟದ್ದಿದೆ’ ಅನ್ನೋರು. ಸೀನ್_ಪೇಪರ್ ಅವರೇ, ನೀವು ಹೇಳಿದ ‘ಕೇಳಿಸಿಕೊಂಡವರ ತಲೆಯಲ್ಲಿ ಹುಟ್ಟುತ್ತದೆ’ ಅನ್ನೋದೇ ಅವರಿಗೂ ಗುರಾಣಿ ಆಗಿತ್ತು. ನನ್ನ ಗೆಳತಿ ಒಬ್ಬಳು ಆ ಬಸ್ಸು ಬಿಟ್ಟು ಆರೂವರೆ ಬಸ್ಸಿಗೆ ಬರೋಕೆ ಶುರು ಮಾಡಿದಳು. ಕತ್ತಲಾಗುತ್ತೆ ಅಂತ ಮನೆಯಲ್ಲಿ ಬೈದು ಕಾಲೇಜೇ ಬಿಡಿಸಿದರು.

ಸಿನಿಮಾ ಒಳಗೆ ಕ್ಯಾಮೆರಾ ಎಲ್ಲಿತ್ತು ಅನ್ನೋದು ನಿಮಗೆ ಮುಖ್ಯ. ಬಸ್ಸಲ್ಲಿ ಕ್ಯಾಮೆರಾ ಇರಲಿಲ್ಲ.

ರಾತ್ರಿಪಾಳಿ:
ಹುಡುಗರು ಪೋಲಿಗಳಾದರೆ ಅದಕ್ಕೆ ಕಾಶಿನಾಥ್ ಏನು ಮಾಡಬೇಕಿತ್ತು ಮೇಡಂ? ಅವರು ಸಿನಿಮಾ ನೋಡದಿದ್ದರೂ ಹಾಗೇ ಇರೋರು.

ಸುಮಾ_ತುಮಕೂರು:
ಕಾಶಿನಾಥ್ ಅವರದ್ದು ತಪ್ಪು ಅಂತ ನಾನು ಎಲ್ಲಿ ಬರೆದೆ? ಇನ್ನೊಮ್ಮೆ ಓದಿ. ‘ಹಣೆಪಟ್ಟಿ ಯಾಕೆ’ ಅಂತ ಕೇಳಿದ್ದರು, ನಮಗೆ ಯಾಕೆ ಅಂಟಿತು ಅಂತ ಹೇಳಿದೆ. ‘ಅಜಗಜಾಂತರ’ ನನಗೂ ಇಷ್ಟ.

ಸೀನ್_ಪೇಪರ್:
ಸುಮಾ ಅವರು ಹೇಳಿದ್ದು ಸರಿ, ಒಪ್ಪಿಕೊಳ್ಳುತ್ತೇನೆ. ಬರೆಯುವ ಕಡೆಯಿಂದಲೇ ನೋಡುವ ಚಾಳಿ ನನ್ನದು. ಜೋಕ್ ಥಿಯೇಟರ್ ಬಿಟ್ಟು ಹೊರಗೆ ಹೋದಾಗ ಪೆದ್ದ ಒಳಗೇ ಉಳಿಯುತ್ತಾನೆ, ಮಾತು ಮಾತ್ರ ಬಸ್ ಹತ್ತುತ್ತದೆ.

ಮೂರನೇ_ಸಾಲು:
ಇದನ್ನು ನಾನು ಈ ತರ ಯೋಚಿಸಿಯೇ ಇರಲಿಲ್ಲ. ನಮ್ಮ ಮನೆಯಲ್ಲಿ ಅತ್ತೆಯೊಬ್ಬರು ಆಗ ಕಾಲೇಜಿಗೆ ಹೋಗುತ್ತಿದ್ದರು. ಅಪ್ಪನ ತಂಗಿ. ಅಪ್ಪ ಟಿವಿ ಗುಂಡಿ ತಿರುಗಿಸಿದ್ದು ನನಗೋಸ್ಕರ ಆಗಿರಲಿಕ್ಕಿಲ್ಲ.

ಬೆಣ್ಣೆದೋಸೆ:
ಉಮಾಶ್ರೀ ಅವರ ಹೆಸರು ಇನ್ನೂ ಯಾರೂ ಎತ್ತಲಿಲ್ಲವಲ್ಲ! ‘ಅನುಭವ’ ಅಂದರೆ ನನಗೆ ಕಾಶಿನಾಥ್‌ಗಿಂತ ಮೊದಲು ಉಮಾಶ್ರೀ. ಮದುವೆಯಾದ ಹುಡುಗ, ಸಂಸಾರ ಅಂದರೇನು ಅಂತಲೇ ಗೊತ್ತಿಲ್ಲದ ಎಳೇ ಹೆಂಡತಿ, ಇವರ ನಡುವೆ ಉಮಾಶ್ರೀ ಪಾತ್ರ. ಆ ಪಾತ್ರದಿಂದ ಮನೆಮಾತಾದರು. ಆದರೆ ಅದೇ ಬಾಗಿಲು ಆಮೇಲೆ ಬೋನೂ ಆಯ್ತು. ಎಷ್ಟೋ ವರ್ಷ ಬರೀ ಅದೇ ತರದ ಹಾಸ್ಯದ ಪಾತ್ರಗಳು, ಎನ್.ಎಸ್. ರಾವ್ ಜೊತೆ. ಕೊನೆಗೆ ಗಿರೀಶ್ ಕಾಸರವಳ್ಳಿಯವರ ‘ಗುಲಾಬಿ ಟಾಕೀಸ್’ನಲ್ಲಿ ರಾಷ್ಟ್ರಪ್ರಶಸ್ತಿ ಬಂತು. 2013ರಲ್ಲಿ ಮಂತ್ರಿಯೂ ಆದರು, ಅದೂ ಕನ್ನಡ ಮತ್ತು ಸಂಸ್ಕೃತಿ ಇಲಾಖೆಗೇ.

ಕೋಟೇಶ್ವರದವ:
‘ಗುಲಾಬಿ ಟಾಕೀಸ್’ ಕತೆ ನಡೆಯುವುದೂ ನಮ್ಮ ಕುಂದಾಪುರದ ಕಡಲ ಕರೆಯಲ್ಲೇ ಅನ್ನುವುದನ್ನು ಇಲ್ಲಿ ದಾಖಲು ಮಾಡುತ್ತಿದ್ದೇನೆ.

ಚಿಕ್ಕಪೇಟೆ_ಗುಂಡ:
ಇವರು ಎಲ್ಲದಕ್ಕೂ ಕುಂದಾಪುರ ತರ್ತಾರೆ. ಇನ್ನು ಕೋಳಿ ಸುಕ್ಕ ಬಾಕಿ.

ಕೋಟೇಶ್ವರದವ:
ಕೋಳಿ ಸುಕ್ಕಕ್ಕೂ ಬರುವ, ಅವಸರ ಎಂತಕ್ಕೆ? ಉಪೇಂದ್ರ ಮನೆತನವೂ ನಮ್ಮ ಕಡೆಯದ್ದೇ. ಸಂಗೀತ ನಿರ್ದೇಶಕ ವಿ. ಮನೋಹರ್ ಮಾತ್ರ ವಿಟ್ಲದವರು, ಸ್ವಲ್ಪ ತೆಂಕಾಯಿತು.

ಜಯನಗರ_4ನೇ_ಬ್ಲಾಕ್:
ಕಾಶಿನಾಥ್ ಬಗ್ಗೆ ಮಾತಾಡುವಾಗ ನಾವು ‘ಅನುಭವ’ದಿಂದ ಶುರು ಮಾಡುತ್ತೇವೆ. ಅದೇ ತಪ್ಪು. ಅದಕ್ಕೆ ಆರು ವರ್ಷ ಮೊದಲೇ ‘ಅಪರಿಚಿತ’ ಮಾಡಿದ್ದರು. ಪಕ್ಕಾ ಥ್ರಿಲ್ಲರ್. ಸುರೇಶ್ ಹೆಬ್ಳೀಕರ್, ಶೋಭಾ, ಎಂ.ವಿ. ವಾಸುದೇವರಾವ್. ಕಾಮಿಡಿ ಹೀರೊ ಇಲ್ಲ, ಕಾಶಿನಾಥ್ ತೆರೆ ಮೇಲೆ ಬಂದು ಕಾಮಿಡಿ ಮಾಡುವುದೂ ಇಲ್ಲ. ಆಗ ಅವರಿಗೆ ಇಪ್ಪತ್ತಾರೋ ಇಪ್ಪತ್ತೇಳೋ ವರ್ಷ. ಹಿಂದಿಯಲ್ಲಿ 1981ರಲ್ಲಿ ಮಿಥುನ್ ಚಕ್ರವರ್ತಿಯನ್ನು ಹಾಕಿಕೊಂಡು ‘ಬೇಷಕ್’ ಅಂತ ಅದನ್ನು ತಾವೇ ತೆಗೆದರು. ‘ಅನುಭವ’ವನ್ನೂ 1986ರಲ್ಲಿ ಶೇಖರ್ ಸುಮನ್, ಪದ್ಮಿನಿ ಕೊಲ್ಹಾಪುರೆ ಜೊತೆ ಹಿಂದಿಗೆ ತಾವೇ ತೆಗೆದುಕೊಂಡು ಹೋದರು.

ಹಾಗಾಗಿ ನನ್ನ ಲೆಕ್ಕದಲ್ಲಿ ಅವರು ಮೊದಲು ಚಿತ್ರಕಥೆಗಾರ, ಆಮೇಲೆ ಕಾಮಿಡಿ. ಥ್ರಿಲ್ಲರ್ ಬರೆಯುವವನಿಗೆ ಒಂದು ವಿಷಯ ಚೆನ್ನಾಗಿ ಗೊತ್ತಿರುತ್ತದೆ. ಯಾರಿಗೆ ಏನು ಗೊತ್ತು, ಯಾರಿಗೆ ಗೊತ್ತಿಲ್ಲ, ಪ್ರೇಕ್ಷಕನಿಗೆ ಯಾವಾಗ ಹೇಳಬೇಕು. ಸೀನ್_ಪೇಪರ್ ಹೇಳಿದ ಅತ್ತೆ-ಸ್ಕೂಟರ್ ಜೋಕಿನಲ್ಲೂ ಇರುವುದು ಇದೇ ಅಲ್ವಾ? ಗುಟ್ಟಿನ ಲೆಕ್ಕಾಚಾರ. ಕೊಲೆಗಾರನ ಜಾಗದಲ್ಲಿ ಸ್ಕೂಟರ್ ಇದೆ ಅಷ್ಟೇ.

ಸೀನ್_ಪೇಪರ್:
ಈ ಮಾತು ನಾನು ಕದಿಯುತ್ತೇನೆ.

ಬೆಣ್ಣೆದೋಸೆ:
‘ಅಪರಿಚಿತ’ ಅಂದರೆ ‘ಸವಿ ನೆನಪುಗಳು ಬೇಕು’! ವಾಣಿ ಜಯರಾಂ. ಅದು ಕಾಶಿನಾಥ್ ಸಿನಿಮಾದ್ದು ಅಂತ ಎಷ್ಟು ಜನಕ್ಕೆ ಗೊತ್ತು? ‘ಈ ನಾಡ ಅಂದ ಈ ಚೆಲುವ’ ಕೂಡ ಅದೇ ಸಿನಿಮಾ. ಆಕಾಶವಾಣಿಯಲ್ಲಿ ದಿನ ಬಿಟ್ಟು ದಿನ ಬರುತ್ತಿತ್ತು.

ಹುಬ್ಬಳ್ಳಿ_ಗಿರ್ಮಿಟ್:
ಸಂಗೀತ ಎಲ್. ವೈದ್ಯನಾಥನ್. ‘ಮಾಲ್ಗುಡಿ ಡೇಸ್’ ಟ್ಯೂನ್ ಮಾಡಿದವರು ಅವರೇ. ತಾ ನಾ ನಾ ತನ ನಾನಾನಾ.

ರಾತ್ರಿಪಾಳಿ:
ಈಗ ಇವತ್ತು ಪೂರ್ತಿ ಇದೇ ತಲೆಯಲ್ಲಿ. ಥ್ಯಾಂಕ್ಸ್ ಕಣಪ್ಪ.

ಚಿಕ್ಕಪೇಟೆ_ಗುಂಡ:
‘ಪುಷ್ಪಕ ವಿಮಾನ’ಕ್ಕೂ ಅವರದ್ದೇ ಅಲ್ವಾ? ಮಾತೇ ಇಲ್ಲದ ಸಿನಿಮಾಗೆ ಸಂಗೀತ ಮಾಡುವುದು ಅಂದರೆ ಹುಡುಗಾಟ ಅಲ್ಲ.

ಬೆಣ್ಣೆದೋಸೆ:
ಹೌದು, ಅವರದ್ದೇ. ಮಾತೇ ಇಲ್ಲ ಅಂದಮೇಲೆ ಡಬಲ್ ಮೀನಿಂಗೂ ಇಲ್ಲ. ಮೂರನೇ_ಸಾಲು ಅವರ ಅಪ್ಪನಿಗೆ ಇದನ್ನೇ ಹಾಕಿಕೊಡಿ.

ಮದ್ರಾಸ್_ರಿಟರ್ನ್:
ನಾನು ಆ ದಿನಗಳಲ್ಲಿ ಮದ್ರಾಸಿನ ಕೋಡಂಬಾಕ್ಕಂನ ಒಂದು ಎಡಿಟಿಂಗ್ ರೂಮಿನಲ್ಲಿ ಅಸಿಸ್ಟೆಂಟ್ ಆಗಿದ್ದೆ. ತಮಿಳಿನವರು ಕೆ. ಭಾಗ್ಯರಾಜ್ ಅವರನ್ನು ಹೊಗಳುವಾಗೆಲ್ಲ ನಾನು ‘ನಮ್ಮಲ್ಲೂ ಒಬ್ಬರಿದ್ದಾರೆ’ ಅನ್ನುತ್ತಿದ್ದೆ. ಕನ್ನಡಕ, ಸಾಧಾರಣ ರೂಪ, ತಾನೇ ಕತೆ, ತಾನೇ ಚಿತ್ರಕಥೆ, ತಾನೇ ಹೀರೊ. ಅವರ ‘ಮುಂದಾನೈ ಮುಡಿಚ್ಚು’ 1983, ನಮ್ಮ ‘ಅನುಭವ’ 1984. ಒಂದೇ ವರ್ಷದ ಅಂತರ.

ಆದರೆ ವ್ಯತ್ಯಾಸ ನೋಡಿ. ಅಲ್ಲಿ ಭಾಗ್ಯರಾಜ್ ಅಂದರೆ ‘ಚಿತ್ರಕಥೆಯ ರಾಜ’ ಅಂತ ಮರ್ಯಾದೆ. ಆ ಸಿನಿಮಾದಲ್ಲಿ ನುಗ್ಗೆಕಾಯಿ ತಿಂದರೆ ಗಂಡಸಿಗೆ ಹುರುಪು ಬರುತ್ತದೆ ಅನ್ನುವ ಜೋಕು ಮಾಡಿದರೂ ಹೆಂಗಸರು ಮಕ್ಕಳ ಸಮೇತ ಥಿಯೇಟರಿಗೆ ಬಂದರು. ಇಲ್ಲಿ ಕಾಶಿನಾಥ್‌ಗೆ ಹೆಂಗಸರ ಮ್ಯಾಟ್ನಿ ಆ ಮಟ್ಟಕ್ಕೆ ಸಿಗಲಿಲ್ಲ. ನನ್ನ ಅಂದಾಜು ಇಷ್ಟೇ: ನಮ್ಮಲ್ಲಿ ಆಗ ಮನೆಮಂದಿ ಸಿನಿಮಾ ಅಂದರೆ ರಾಜ್‌ಕುಮಾರ್ ಅಂತ ಒಂದು ಅಳತೆಗೋಲು ಇತ್ತು. ಅದರ ಪಕ್ಕ ಯಾರನ್ನು ನಿಲ್ಲಿಸಿದರೂ ಪೋಲಿ ಕಾಣುತ್ತಿದ್ದರು.

ಹುಬ್ಬಳ್ಳಿ_ಗಿರ್ಮಿಟ್:
ನುಗ್ಗೆಕಾಯಿ ವಿಷಯ ನಮ್ಮ ಓಣಿಗೂ ಬಂದು ಮುಟ್ಟಿತ್ತು. ಹೊಸ ಮದುಮಗನಿಗೆ ನುಗ್ಗೆಕಾಯಿ ಸಾರು ಬಡಿಸಿದರೆ ಇಡೀ ಪಂಕ್ತಿ ನಗುತ್ತಿತ್ತು.

ಜಯನಗರ_4ನೇ_ಬ್ಲಾಕ್:
ರಾಜ್‌ಕುಮಾರ್ ಅಳತೆಗೋಲು ಅನ್ನುವುದು ಅರ್ಧ ಸರಿ. ಫಣಿ ರಾಮಚಂದ್ರ ‘ಗಣೇಶನ ಮದುವೆ’ ಮಾಡಿದ್ದು 1990ರಲ್ಲಿ. ವಠಾರದ ಕತೆ, ಅನಂತ್ ನಾಗ್, ವಿನಯಾ ಪ್ರಸಾದ್, ಮುಖ್ಯಮಂತ್ರಿ ಚಂದ್ರು. ಒಂದೇ ಒಂದು ಕೊಳಕು ಮಾತಿಲ್ಲ. ಇವತ್ತು ಹಾಕಿದರೂ ಮನೆಮಂದಿ ಎಲ್ಲ ಕೂರುತ್ತಾರೆ. ಅಂದರೆ ಬೇರೆ ದಾರಿ ಇತ್ತು. ಕಾಶಿನಾಥ್ ಆ ದಾರಿ ಹಿಡಿಯಲಿಲ್ಲ ಅಷ್ಟೇ. ಅವರಿಗೆ ಹಾಸಿಗೆ, ಹಣ, ವರದಕ್ಷಿಣೆ, ಜನ ಮನೆಯಲ್ಲಿ ಬಾಯಿಬಿಟ್ಟು ಆಡದ ವಿಷಯಗಳೇ ಬೇಕಿತ್ತು. ಆಡದ್ದನ್ನು ಆಡಿದರೆ ಬೈಸಿಕೊಳ್ಳಲೇಬೇಕು.

ಬೆಣ್ಣೆದೋಸೆ:
ವರದಕ್ಷಿಣೆ ಅಂದಿರಿ, ಒಂದು ನೆನಪಾಯ್ತು. ‘ಅವಳೇ ನನ್ನ ಹೆಂಡ್ತಿ’ಯ ‘ಮೀಸೆ ಹೊತ್ತ ಗಂಡಸಿಗೆ ಡಿಮ್ಯಾಂಡಪ್ಪೋ ಡಿಮ್ಯಾಂಡು’ ಹಾಡು ಇದೆಯಲ್ಲ, ಹಂಸಲೇಖ ಅವರದ್ದು. ಗಂಡನ್ನು ಸಂತೆಯ ಸರಕು ಮಾಡಿ ಅಣಕಿಸುವ ಹಾಡು. ನಮ್ಮ ದಾವಣಗೆರೆ ಕಡೆ ಒಂದು ಮದುವೆ ಆರತಕ್ಷತೆಯಲ್ಲಿ ವಾದ್ಯದವರಿಂದ ಗಂಡಿನ ಕಡೆಯವರೇ ಇದನ್ನು ಹೇಳಿ ಬಾರಿಸಿಕೊಂಡು, ಮದುಮಗನನ್ನು ಹೆಗಲ ಮೇಲೆ ಕೂರಿಸಿಕೊಂಡು ಕುಣಿದರು. ಹೆಣ್ಣಿನ ತಂದೆ ಪಕ್ಕದಲ್ಲೇ ನಿಂತಿದ್ದರು, ಕೈಯಲ್ಲಿ ಛತ್ರದ ಬಿಲ್ಲು. ಆ ಮುಖ ಇನ್ನೂ ಕಣ್ಣಲ್ಲಿದೆ.

ಸುಮಾ_ತುಮಕೂರು:
ಸೀನ್_ಪೇಪರ್ ಅವರೇ, ಕ್ಯಾಮೆರಾ ಆ ತಂದೆ ಮುಖಕ್ಕೆ ಇಡಿ.

ರಾತ್ರಿಪಾಳಿ:
‘ಅವಳೇ ನನ್ನ ಹೆಂಡ್ತಿ’ ಹಿಂದಿಗೂ ಹೋಯ್ತು. 1990ರ ‘ಜವಾನಿ ಜಿಂದಾಬಾದ್’, ಆಮಿರ್ ಖಾನ್. ನೋಡಿದ್ದೀನಿ. ಕಾಶಿನಾಥ್ ಜಾಗದಲ್ಲಿ ಆಮಿರ್‌ನ ಕಲ್ಪಿಸಿಕೊಳ್ಳಿ. ಆಗಲ್ಲ. ಅಷ್ಟು ಚೆಂದದ ಹುಡುಗನಿಗೆ ಕಷ್ಟ ಬಂದರೆ ಯಾರು ನಂಬ್ತಾರೆ?

ಆಮೇಲೆ ‘ಅಜಗಜಾಂತರ’ನ ಹಿಂದಿಯಲ್ಲಿ ‘ಜುದಾಯಿ’ ಮಾಡಿದರು. ಶ್ರೀದೇವಿ, ಅನಿಲ್ ಕಪೂರ್. ಒಂದು ಮಾತೂ ಹೇಳದೆ ಕತೆ ಹೊಡೆದರು.

ಮದ್ರಾಸ್_ರಿಟರ್ನ್:
ನಿಧಾನ. ‘ಜುದಾಯಿ’ (1997) ತೆಲುಗಿನ ‘ಶುಭಲಗ್ನಂ’ (1994) ರೀಮೇಕ್. ಹಿಂದಿಯವರು ತೆಗೆದುಕೊಂಡದ್ದು ತೆಲುಗಿನಿಂದ. ತೆಲುಗಿನವರು ನಮ್ಮಿಂದ ತೆಗೆದುಕೊಂಡರಾ ಅನ್ನುವುದು ಬೇರೆ ವಾದ.

ರಾತ್ರಿಪಾಳಿ:
ಹಣದ ಆಸೆಗೆ ಹೆಂಡತಿ ತನ್ನ ಗಂಡನನ್ನೇ ಶ್ರೀಮಂತ ಹುಡುಗಿಗೆ ಬಿಟ್ಟುಕೊಡ್ತಾಳೆ. 1991ರಲ್ಲಿ ಇಲ್ಲಿ ಬಂತು, 1994ರಲ್ಲಿ ಅಲ್ಲಿ ಬಂತು. ವಾದ ಏನು ಬಂತು?

ಮದ್ರಾಸ್_ರಿಟರ್ನ್:
ಎಳೆ ಒಂದೇ, ಒಪ್ಪಿದೆ. ಆದರೆ ‘ಹೊಡೆದರು’ ಅಂತ ಬರೆಯುವಾಗ ಯಾರನ್ನು ಬೈಯುತ್ತಿದ್ದೀರಿ ಅಂತ ಗೊತ್ತಿರಲಿ. ನೀವು ಬೈದದ್ದು ಮೂರನೇ ಮನೆಯವರನ್ನು.

ಜಯನಗರ_4ನೇ_ಬ್ಲಾಕ್:
ನನಗೆ ಆ ಎಳೆಗಿಂತ ಕಾಶಿನಾಥ್ ಅದನ್ನು ಹೇಳಿದ ರೀತಿ ಮುಖ್ಯ. ತೆಲುಗು, ಹಿಂದಿಯಲ್ಲಿ ಅದು ಕಣ್ಣೀರಿನ ಸಿನಿಮಾ, ಕೊನೆಗೆ ಕರ್ಚೀಫ್ ಒದ್ದೆ. ಇಲ್ಲಿ ಗಂಡಸು ಮಾರಾಟಕ್ಕಿದ್ದಾನೆ ಅನ್ನುವುದೇ ತಮಾಷೆ. ಸಣಕಲು ಗುಮಾಸ್ತನಂಥ ಆಳು, ಅವನಿಗೂ ಒಂದು ರೇಟು!

ಹುಬ್ಬಳ್ಳಿ_ಗಿರ್ಮಿಟ್:
ಮೂರನೇ_ಸಾಲು ಅವರೇ, ಮಗಳಿಗೆ ‘ಅಜಗಜಾಂತರ’ದಿಂದ ಶುರು ಮಾಡಿ. ‘ಅನುಭವ’ ಬೇಡ. ಪೋಲಿ ಅಂತಲ್ಲ. ಆ ಎಳೇ ಹೆಂಡತಿ ಪಾತ್ರ ಈಗ ನೋಡಿದರೆ ನಗು ಬರಲ್ಲ. ಆಗ ನಕ್ಕಿದ್ದೆವು, ಈಗ ಹೊಟ್ಟೆಯಲ್ಲಿ ಏನೋ ಆಗುತ್ತದೆ.

ಸುಮಾ_ತುಮಕೂರು:
ಇದಕ್ಕೆ ನನ್ನದು ಎರಡು ವೋಟು.

ಚಿಕ್ಕಪೇಟೆ_ಗುಂಡ:
ಇನ್ನು ಶಿಷ್ಯರ ವಿಷಯ ಬರಲಿ. ನಮ್ಮ ಕಾಲದವರಿಗೆ ಕಾಶಿನಾಥ್ ಅಂದರೆ ಉಪ್ಪಿ ಗುರು. ‘ಅನಂತನ ಅವಾಂತರ’ದಲ್ಲಿ ಉಪೇಂದ್ರ ಒಂದು ಚಿಕ್ಕ ಪಾತ್ರದಲ್ಲಿ ತಲೆ ತೋರಿಸುತ್ತಾರೆ, ಹಾಡೂ ಬರೆದಿದ್ದಾರೆ. ವಿ. ಮನೋಹರ್ ಕೂಡ ಅದೇ ಗರಡಿಯಲ್ಲಿ ಬರೆಯುತ್ತಿದ್ದವರು. ಆಮೇಲೆ ಉಪೇಂದ್ರ 1992ರಲ್ಲಿ ‘ತರ್ಲೆ ನನ್ಮಗ’ ಮಾಡಿದಾಗ ಮನೋಹರ್ ಸಂಗೀತ ನಿರ್ದೇಶಕ ಆದರು, ಜಗ್ಗೇಶ್‌ಗೂ ಹೊಸ ದಾರಿ ಸಿಕ್ಕಿತು. ಒಂದೇ ಗರಡಿಯಿಂದ ಎಷ್ಟು ಜನಕ್ಕೆ ಅನ್ನ ಆಯ್ತು ನೋಡಿ.

ಸೀನ್_ಪೇಪರ್:
ಇದನ್ನು ಹೊರಗಿನವರು ಅಷ್ಟಾಗಿ ಗಮನಿಸುವುದಿಲ್ಲ. ಗಾಂಧಿನಗರದಲ್ಲಿ ಅಸಿಸ್ಟೆಂಟ್ ಅಂದರೆ ಕ್ಲಾಪ್ ಹಿಡಿ, ಕಾಸ್ಟ್ಯೂಮ್ ಕಂಟಿನ್ಯೂಟಿ ಬರಿ, ಹೀರೊಗೆ ಛತ್ರಿ ಹಿಡಿ. ಡಿಸ್ಕಷನ್‌ನಲ್ಲಿ ಕೂತರೂ ಬಾಯಿ ತೆರೆಯುವ ಹಾಗಿಲ್ಲ. ನಾನು ಮೊದಲು ಸೇರಿದ ತಂಡದಲ್ಲಿ ಒಂದೂವರೆ ವರ್ಷ ನನ್ನ ಒಂದು ಸೀನನ್ನೂ ಯಾರೂ ಓದಲಿಲ್ಲ. ಒಂದು ದಿನ ಓದಿದರು, ನಕ್ಕರು, ತೆಗೆದುಕೊಂಡರು. ಟೈಟಲ್ ಕಾರ್ಡಿನಲ್ಲಿ ನನ್ನ ಹೆಸರಿರಲಿಲ್ಲ. ಹೀಗಿರುವಾಗ ಹೊಸ ಹುಡುಗನ ಕೈಯಲ್ಲಿ ಹಾಡು ಬರೆಸುವುದು, ತೆರೆ ಮೇಲೆ ನಿಲ್ಲಿಸುವುದು ಸಣ್ಣ ವಿಷಯ ಅಲ್ಲ.

ಕೋಟೇಶ್ವರದವ:
ಶಿಷ್ಯ ನಿರ್ದೇಶಕ ಆದ ಮೇಲೆ ಗುರು ಅವನ ಸಿನಿಮಾದಲ್ಲಿ ಪಾತ್ರ ಮಾಡಿದ್ದೂ ಇದೆ. ‘ಶ್!’, 1993. ಹೆಚ್ಚಿನವರಿಗೆ ಅದು ಮರ್ಯಾದೆ ಪ್ರಶ್ನೆ ಆಗುತ್ತಿತ್ತು.

ರಾತ್ರಿಪಾಳಿ:
ಹಾಗಾದರೆ ಆಮೇಲೆ ಏನಾಯ್ತು? ಶಿಷ್ಯರೆಲ್ಲ ಮೇಲೆ ಹೋದರು, ಗುರು ಎಲ್ಲಿ?

ಜಯನಗರ_4ನೇ_ಬ್ಲಾಕ್:
ಅವರ ಸರಕು ಎಲ್ಲರ ಅಂಗಡಿಯಲ್ಲೂ ಸಿಗಲು ಶುರುವಾಯಿತು, ಅಷ್ಟೇ. 1984ರಲ್ಲಿ ಅವರೊಬ್ಬರೇ ಆಡುತ್ತಿದ್ದ ಮಾತನ್ನು ಹತ್ತು ವರ್ಷದ ಮೇಲೆ ಎಲ್ಲರೂ ಆಡುತ್ತಿದ್ದರು, ಇನ್ನೂ ಒರಟಾಗಿ, ಇನ್ನೂ ಜೋರಾಗಿ. ಪೆದ್ದ ಹೀರೊಗೆ ವಯಸ್ಸೂ ಆಯ್ತು. ನಲವತ್ತೈದು ದಾಟಿದವನು ‘ನನಗೇನೂ ಗೊತ್ತಿಲ್ಲ’ ಅಂದರೆ ಪ್ರೇಕ್ಷಕ ನಂಬಲ್ಲ. ‘ಅಪ್ಪಚ್ಚಿ’ ಬಂದಾಗ ನಾನು ಥಿಯೇಟರಿಗೆ ಹೋಗಿದ್ದೆ. ನನ್ನ ಸಾಲಿನಲ್ಲಿ ನಾನೊಬ್ಬನೇ. ಇಂಟರ್ವಲ್‌ನಲ್ಲಿ ಪಾಪ್‌ಕಾರ್ನ್ ಮಾರುವವನು ‘ಸರ್, ನಿಮಗೊಬ್ಬರಿಗೋಸ್ಕರ ಮೆಷಿನ್ ಹಾಕಲ್ಲ, ಬಿಸ್ಕೆಟ್ ತಗೊಳ್ಳಿ’ ಅಂದ.

ಬೆಣ್ಣೆದೋಸೆ:
ಆದರೆ ‘ಚೌಕ’ ಮರೆಯಬೇಡಿ. 2017, ದ್ವಾರಕೀಶ್ ಚಿತ್ರ ಸಂಸ್ಥೆಯ ಐವತ್ತನೇ ಸಿನಿಮಾ, ತರುಣ್ ಸುಧೀರ್ ನಿರ್ದೇಶನ. ಕಾಶಿನಾಥ್ ಅಪ್ಪನ ಪಾತ್ರ ಮಾಡಿದ್ದಾರೆ. ಜೋಕಿಲ್ಲ, ಕಣ್ಣು ಮಿಟುಕಿಸುವುದಿಲ್ಲ. ಥಿಯೇಟರಿನಲ್ಲಿ ನನ್ನ ಪಕ್ಕ ಕೂತಿದ್ದ ಕಾಲೇಜು ಹುಡುಗಿ ಅಳುತ್ತಾ ಗೆಳತಿಗೆ ‘ಈ ಅಂಕಲ್ ಯಾರೇ, ಹೊಸಬರಾ?’ ಅಂತ ಕೇಳಿದಳು. ನನಗೆ ನಗಬೇಕೋ ಅಳಬೇಕೋ ಗೊತ್ತಾಗಲಿಲ್ಲ. ಮುಂದಿನ ವರ್ಷ ಜನವರಿ 18ಕ್ಕೆ ಹೋಗಿಬಿಟ್ಟರು. ಅರವತ್ತಾರು ವರ್ಷ.

ಹುಬ್ಬಳ್ಳಿ_ಗಿರ್ಮಿಟ್:
‘ಹೊಸಬರಾ’ ಅಂದಳಾ! ಮೂವತ್ತು ವರ್ಷದ ಹಣೆಪಟ್ಟಿ ಆ ಹುಡುಗಿಗೆ ಗೊತ್ತೇ ಇಲ್ಲ. ಪುಣ್ಯಾತ್ಗಿತ್ತಿ.

ಮದ್ರಾಸ್_ರಿಟರ್ನ್:
ಮೂರನೇ_ಸಾಲು, ನನ್ನದೊಂದು ಉಪಾಯ. ಮಗಳ ವಿಷಯ ಆಮೇಲೆ. ಮೊದಲು ನಿಮ್ಮಪ್ಪನಿಗೆ ‘ಅಪರಿಚಿತ’ ಹಾಕಿ. ಯಾರ ಸಿನಿಮಾ ಅಂತ ಹೇಳಬೇಡಿ.

ಚಿಕ್ಕಪೇಟೆ_ಗುಂಡ:
ಸೂಪರ್. ಏನಾಯ್ತು ಅಂತ ಇಲ್ಲಿ ಬಂದು ವರದಿ ಒಪ್ಪಿಸಬೇಕು.

ಮೂರನೇ_ಸಾಲು:
ಒಂದು ವಾರ ತಡವಾಯ್ತು, ಕ್ಷಮಿಸಿ. ವರದಿ ತಗೊಳ್ಳಿ.

ಶನಿವಾರ ರಾತ್ರಿ ಊಟ ಆದ ಮೇಲೆ ‘ಅಪರಿಚಿತ’ ಹಾಕಿದೆ. ‘ಅಪ್ಪ, ಹಳೇ ಸಸ್ಪೆನ್ಸ್ ಸಿನಿಮಾ’ ಅಂದೆ ಅಷ್ಟೇ. ಅಪ್ಪನಿಗೆ ಟೈಟಲ್ ಕಾರ್ಡ್ ಜೋರಾಗಿ ಓದುವ ಅಭ್ಯಾಸ, ಅದು ನನಗೆ ಮರೆತೇ ಹೋಗಿತ್ತು. ಒಂದೊಂದೇ ಹೆಸರು ಓದುತ್ತಾ ಬಂದರು. ಕೊನೆಗೆ ‘ನಿರ್ದೇಶನ... ಕಾಶಿನಾಥ್’ ಅಂದರು. ನನ್ನ ಹೆಂಡತಿ ರಿಮೋಟನ್ನು ಮೆಲ್ಲಗೆ ದಿಂಬಿನ ಕೆಳಗೆ ತಳ್ಳಿದಳು.

ಅಪ್ಪ ಒಂದು ನಿಮಿಷ ಸುಮ್ಮನಿದ್ದರು. ಆಮೇಲೆ ‘ಇದು ಬೇರೆ ಕಾಶಿನಾಥ್ ಇರಬೇಕು ಕಣೋ’ ಅಂದರು.

ಪೂರ್ತಿ ನೋಡಿದರು. ‘ಸವಿ ನೆನಪುಗಳು’ ಬಂದಾಗ ಜೊತೆಗೆ ಗುನುಗಿದರು, ಒಂದು ಸಾಲೂ ತಪ್ಪಲಿಲ್ಲ. ಮಲಗಲು ಹೋಗುವಾಗ ‘ಈ ಕಾಶಿನಾಥ್‌ದು ಬೇರೆ ಸಿನಿಮಾ ಇದ್ದರೆ ಹಾಕು, ಆ ಪೋಲಿದು ಬೇಡ’ ಅಂದರು.

ಕೋಟೇಶ್ವರದವ:
ಹೇಳಬೇಡಿ ಮಾರಾಯ್ರೆ. ಹಾಗೇ ಇರಲಿ.

ಸುಮಾ_ತುಮಕೂರು:
ನಿಮ್ಮ ಅತ್ತೆಗೆ ಫೋನ್ ಮಾಡಿ ಕೇಳಿದ್ರಾ? ಆ ಕಾಲೇಜು ಬಸ್ಸಿನ ಬಗ್ಗೆ?

ಮೂರನೇ_ಸಾಲು:
ಕೇಳಿದೆ. ‘ಅಣ್ಣ ಇನ್ನೂ ಚಾನೆಲ್ ತಿರುಗಿಸ್ತಾನಾ?’ ಅಂತ ಐದು ನಿಮಿಷ ನಕ್ಕರು. ಬಸ್ಸಿನ ಬಗ್ಗೆ ಕೇಳಿದಾಗ ಮಾತ್ರ ‘ಅದೆಲ್ಲ ಈಗ ಯಾಕೋ’ ಅಂದುಬಿಟ್ಟರು.

ರಾತ್ರಿಪಾಳಿ:
ಮಗಳು ‘ಅಪರಿಚಿತ’ ನೋಡಿದಳಾ?

ಮೂರನೇ_ಸಾಲು:
ಅರ್ಧ ನೋಡಿದಳು. ಕೊಲೆಗಾರ ಯಾರು ಅಂತ ಮೊದಲೇ ಹೇಳಿ ತಾತನ ಹತ್ತಿರ ಬೈಸಿಕೊಂಡು ಎದ್ದು ಹೋದಳು.

ಚಿಕ್ಕಪೇಟೆ_ಗುಂಡ:
ಸರಿಯಾಗಿ ಹೇಳಿದ್ಲಾ?

ಮೂರನೇ_ಸಾಲು:
ಅದನ್ನ ಇಲ್ಲಿ ಹೇಳಿದರೆ ನೀವೂ ಬೈತೀರಿ.